ಸಾಗವಾನಿ ಬೆಂಚಿನ ಚೌಕಟ್ಟು: ಡೊಮಿನೊ ತೂತು ತಪ್ಪಿದರೆ ಮೊದಲು ದಿಕ್ಕು ನೋಡಿ

ಕೊಪ್ಪಳದ ಶೆಡ್ಡಿನಲ್ಲಿ ನಡೆದಿರುವ ಬೆಂಚಿನ ಕೆಲಸ ಜೋಡಣೆಯ ಹಂತಕ್ಕೆ ಬಂದಿದೆ. ಹಳೆ ಮನೆ ಬಿಚ್ಚಿದಾಗ ಸಿಕ್ಕ ಸಾಗವಾನಿ ತೊಲೆಯನ್ನು ಸೀಳಿ, ರಂದಾ ಹೊಡೆದು ನಾಲ್ಕು ಕಾಲು, ನಾಲ್ಕು ಅಡ್ಡಪಟ್ಟಿ ಅಳತೆಗೆ ತಂದದ್ದಾಗಿದೆ. ಕಾಲು 50×50 ಮಿ.ಮೀ. ಪಟ್ಟಿಯ ದಪ್ಪ 22, ಅಗಲ 80 ಮಿ.ಮೀ. ಒಂದು ಜಾಯಿಂಟಿಗೆ ಎರಡರಂತೆ 8×50 ಡೊಮಿನೊ (ಎರಡು ಕಟ್ಟಿಗೆಯ ತೂತಿನೊಳಗೆ ಕೂತು ಜೋಡಿಸುವ ಚಪ್ಪಟೆ ತುಂಡು, 8 ದಪ್ಪ, 50 ಉದ್ದ), ಅಂದರೆ ಒಟ್ಟು 16 ಡೊಮಿನೊ, 32 ತೂತು. ತೂತು ಹೊಡೆಯುವ ಮಷಿನ್ ಫೆಸ್ಟೂಲ್ ಕಂಪನಿಯ ಡಿಎಫ್ 500.

ಈ ಮಷಿನ್ನಿನ ಕಟರ್ ಡ್ರಿಲ್ಲಿನ ಹಾಗೆ ತಿರುಗುತ್ತಲೇ ಎಡಕ್ಕೆ ಬಲಕ್ಕೆ ತೂಗುತ್ತದೆ. ಮುಂದಕ್ಕೆ ಒತ್ತಿದರೆ ದುಂಡು ತೂತಿನ ಬದಲು ಉದ್ದನೆಯ ತೂತು ಬೀಳುತ್ತದೆ. ಎರಡೂ ಕಟ್ಟಿಗೆಯಲ್ಲಿ ಅಂಥದ್ದೇ ತೂತು ಹೊಡೆದು ನಡುವೆ ರೆಡಿಮೇಡ್ ಬೀಚ್ ಕಟ್ಟಿಗೆಯ ಡೊಮಿನೊ ಅಂಟಿಸುವುದು, ಇಷ್ಟೇ ಕೆಲಸ. ಉಳಿ ಕೊಡತಿಯಲ್ಲಿ ಹೊತ್ತು ಹಿಡಿಯುವ ತೂತು ಇಲ್ಲಿ ಕೆಲವೇ ಸೆಕೆಂಡಿನದು. ಆದರೆ ಆ ಕೆಲವು ಸೆಕೆಂಡಿನಲ್ಲಿ ಕೈ ಅರ್ಧ ಮಿ.ಮೀ. ಅಲುಗಿದರೂ ಜಾಯಿಂಟಿನಲ್ಲಿ ಕಾಣುತ್ತದೆ.

ಹೊಸದಾಗಿ ಕಲಿಯುವವರು ತೂತು ಕೂಡಲಿಲ್ಲವೆಂದರೆ ಮೊದಲು ಕೈ ಹಾಕುವುದು ಮಷಿನ್ನಿನ ಸೆಟ್ಟಿಂಗಿಗೆ. ಅದನ್ನು ಮುಟ್ಟಬೇಡಿ. ತೂತು ಯಾವ ದಿಕ್ಕಿಗೆ ತಪ್ಪಿದೆ ನೋಡಿ. ಮೇಲೆ ಕೆಳಗೆ ಸರಿದಿದೆಯೋ, ಓರೆಯಾಗಿದೆಯೋ, ಎಡ ಬಲಕ್ಕೆ ಹೋಗಿದೆಯೋ, ಆಳ ಸಾಲದೋ? ನಾಲ್ಕಕ್ಕೂ ಕಾರಣ ಬೇರೆ ಬೇರೆ. ಹೆಚ್ಚಿನ ಸಲ ಮಷಿನ್ ಸರಿಯಾಗಿಯೇ ಇರುತ್ತದೆ.

ಪರೀಕ್ಷೆಯ ತುಂಡು

ಪಟ್ಟಿಯದೇ ಉಳಿಕೆಯಿಂದ 300 ಮಿ.ಮೀ. ಉದ್ದದ ಎರಡು ತುಂಡು ತೆಗೆದುಕೊಳ್ಳಿ. ದಪ್ಪ 22 ಇರಲಿ, ತುದಿ ಗುಣ್ಯಾಕ್ಕೆ (90 ಡಿಗ್ರಿ ನೋಡುವ ಮೂಲೆಮಟ್ಟಕ್ಕೆ) ಸರಿಯಾಗಿ ಕೊಯ್ದಿರಲಿ. ಎರಡರ ಮೇಲ್ಮುಖಕ್ಕೂ ಪೆನ್ಸಿಲ್ ಗುರುತು ಹಾಕಿ, ಫೆನ್ಸನ್ನು (ಮಷಿನ್ನಿನ ಮುಂದೆ ಕಟ್ಟಿಗೆಯ ಮೇಲೆ ಕೂರುವ, ಎತ್ತರ ಬದಲಿಸಬಹುದಾದ ತಟ್ಟೆಯನ್ನು) ಆ ಮುಖದ ಮೇಲೆಯೇ ಕೂರಿಸಿ ಒಂದೊಂದು ತೂತು ಹೊಡೆಯಿರಿ. ಡೊಮಿನೊ ಹಾಕಿ ತುದಿಗೆ ತುದಿ ಜೋಡಿಸಿ, ಉಗುರಿನಿಂದ ಸವರಿ. ಅರ್ಧ ಮಿ.ಮೀ.ಗಿಂತ ಕಡಿಮೆ ಇರುವ ಮೆಟ್ಟಿಲೂ ಉಗುರಿಗೆ ಸಿಗುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ತೂತು ಕಟ್ಟಿಗೆಯ ನಟ್ಟನಡುವೆ ಬರಬೇಕೆಂಬ ಹಟ ಬೇಡ. ಎರಡೂ ತುಂಡಿಗೆ ಒಂದೇ ಮುಖ ಹಿಡಿದು ಒಂದೇ ಎತ್ತರದಲ್ಲಿ ಹೊಡೆದಿದ್ದರೆ, ನಡುವಿನಿಂದ 1 ಮಿ.ಮೀ. ಸರಿದಿದ್ದರೂ ಮೇಲ್ಮುಖ ಸಮವಾಗಿಯೇ ಕೂರುತ್ತದೆ. ಕಟ್ಟಿಗೆಯ ದಪ್ಪಕ್ಕೆ ತಕ್ಕಂತೆ ಫೆನ್ಸನ್ನು ನಿಲ್ಲಿಸಿ ತೂತನ್ನು ಆ ದಪ್ಪದ ಅರ್ಧಕ್ಕೆ ತರುವ ಮೆಟ್ಟಿಲುಗಳು ಡಿಎಫ್ 500ರಲ್ಲಿ 16, 20, 22, 25, 28, 36 ಮತ್ತು 40 ಮಿ.ಮೀ. ನಮ್ಮಲ್ಲಿ ಎಲ್ಲ ಕಡೆ ಸಿಗುವ 18ರ ಪ್ಲೈವುಡ್ಡಿಗೆ ಮೆಟ್ಟಿಲೇ ಇಲ್ಲವೆಂದು ತಲೆಕೆಡಿಸಿಕೊಳ್ಳುವವರಿದ್ದಾರೆ. 16ಕ್ಕೆ ಇಟ್ಟು ಹೊಡೆಯಿರಿ. ತೂತು ಮೇಲಿನಿಂದ 8 ಮಿ.ಮೀ.ಗೆ ಬರುತ್ತದೆ, ಎರಡೂ ಕಡೆ ಅಲ್ಲಿಗೇ ಬರುತ್ತದೆ, ಸಾಕು.

ಮೇಲೆ ಕೆಳಗೆ ಸರಿದಿದ್ದರೆ

ಉಗುರಿಗೆ ಮೆಟ್ಟಿಲು ಸಿಕ್ಕಿತೆಂದರೆ ಮೊದಲ ತೂತಿಗೂ ಎರಡನೆಯದಕ್ಕೂ ನಡುವೆ ಏನೋ ಬದಲಾಗಿದೆ. ಫೆನ್ಸಿನ ಎತ್ತರದ ಲಿವರ್ ಪೂರ್ತಿ ಬಿಗಿಯಾಗಿರದೆ ಜಾರಿರಬಹುದು. ವರ್ನಿಯರ್‌ನಲ್ಲಿ ಎತ್ತರ ಅಳೆದುಕೊಂಡು, ಫೆನ್ಸನ್ನು ಹೆಬ್ಬೆರಳಿನಿಂದ ಜೋರಾಗಿ ಒತ್ತಿ ಮತ್ತೆ ಅಳೆಯಿರಿ, ಅಂಕಿ ಬದಲಾಗಬಾರದು. ಇಲ್ಲವೇ ಫೆನ್ಸಿನ ಅಡಿಗೆ ಹೊಟ್ಟು ಸಿಕ್ಕಿರಬಹುದು. ಪ್ರತಿ ತೂತಿಗೆ ಮುಂಚೆ ಮುಖವನ್ನೂ ಫೆನ್ಸಿನ ಅಡಿಯನ್ನೂ ಅಂಗೈಯಿಂದ ಒರೆಸುವುದು ರೂಢಿಯಾಗಲಿ.

ಮೂರನೆಯ ಕಾರಣ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಮಷಿನ್ನಿನ ಬೇಸ್‌ನಿಂದ ಕಟರ್‌ನ ನಡುವಿಗೆ 10 ಮಿ.ಮೀ. ಈ ಬೆಂಚಿಗೆ ಫೆನ್ಸ್ ಎತ್ತರ 16 (ಇದು ದಪ್ಪದ ಮೆಟ್ಟಿಲಲ್ಲ, ಫೆನ್ಸಿನಿಂದ ಕಟರ್‌ನ ನಡುವಿಗೆ ಇರುವ ದೂರ), ಅಂದರೆ ಫೆನ್ಸಿನಿಂದ ಬೇಸ್‌ನ ಅಡಿಯವರೆಗೆ 26 ಮಿ.ಮೀ. ಪಟ್ಟಿಯನ್ನು ಟೇಬಲ್ ಮೇಲೆ ಮಲಗಿಸಿ ಮೇಲೆ 5 ಮಿ.ಮೀ. ಚಕ್ಕೆ ಇಟ್ಟರೆ ಫೆನ್ಸಿನಿಂದ ಟೇಬಲ್ಲಿಗೆ 27. ಉಳಿಯುವ ಸಂದು ಒಂದೇ ಒಂದು ಮಿ.ಮೀ. ಅದರಲ್ಲಿ ಹೊಟ್ಟು ಸೇರಿತೋ, ಮಷಿನ್ ಬೇಸ್ ಮೇಲೂ ಕೂತಿತು, ಫೆನ್ಸ್ ಮೇಲೂ ಕೂತಿತು. ಆಗ ಯಾವುದೂ ಪೂರ್ತಿ ಕೂರುವುದಿಲ್ಲ. ಹಿಡಿಯುವುದಾದರೆ ಫೆನ್ಸನ್ನೇ ಹಿಡಿಯಬೇಕು, ಬೇಸ್ ಗಾಳಿಯಲ್ಲಿರಬೇಕು. ಅದಕ್ಕೇ ಪಟ್ಟಿಯ ತುದಿಯನ್ನು ಟೇಬಲ್ ಅಂಚಿನಿಂದ 40 ಮಿ.ಮೀ.ನಷ್ಟು ಹೊರಚಾಚಿ ಕ್ಲ್ಯಾಂಪ್ ಹಾಕುವುದು.

ಆ 5 ಮಿ.ಮೀ. ಚಕ್ಕೆ ಯಾಕೆಂದರೆ, ಪಟ್ಟಿ ಕಾಲಿನ ಹೊರಮುಖಕ್ಕಿಂತ 5 ಮಿ.ಮೀ. ಒಳಗೆ ಕೂರಬೇಕು. ಫೆನ್ಸನ್ನು 16ಕ್ಕೆ ಒಮ್ಮೆ ಬಿಗಿದು ಕಾಲುಗಳಿಗೆ ಹಾಗೆಯೇ ಹೊಡೆಯುವುದು, ಪಟ್ಟಿಗೆ ಚಕ್ಕೆ ಇಟ್ಟು ಹೊಡೆಯುವುದು. ಪಟ್ಟಿಯಲ್ಲಿ ತೂತು 11ಕ್ಕೆ, ಸರಿಯಾಗಿ ನಡುವಿಗೆ ಬಂದು ಎರಡೂ ಕಡೆ 7 ಮಿ.ಮೀ. ಗೋಡೆ ಉಳಿಯುತ್ತದೆ. ನಡುವೆ ಲಿವರ್ ಸಡಿಲಿಸುವ ಪ್ರಸಂಗವೇ ಬರುವುದಿಲ್ಲ. ಚಕ್ಕೆ 5ರ ಬದಲು 4.8 ಇದ್ದರೂ ಎಲ್ಲ ಜಾಯಿಂಟಿನಲ್ಲೂ ಅಷ್ಟೇ ಒಳಗೆ ಕೂರುತ್ತದೆ.

ಓರೆಯಾಗಿದ್ದರೆ

ಕಲಿಯುವವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದು. ಮಷಿನ್ 3 ಕಿಲೋಗಿಂತ ಚೂರು ಹೆಚ್ಚು ತೂಗುತ್ತದೆ, ಭಾರವೆಲ್ಲ ಮೋಟಾರಿನ ಕಡೆ. ಹಿಂಭಾಗ ಜಗ್ಗಿದರೆ ಕಟರ್ ಮೇಲ್ಮುಖದ ಕಡೆ ಏರುತ್ತಾ ಒಳಗೆ ಹೋಗುತ್ತದೆ. 28 ಮಿ.ಮೀ. ಆಳದಲ್ಲಿ ಅರ್ಧ ಮಿ.ಮೀ. ಏರಿದರೆ ಓರೆ ಸುಮಾರು 1 ಡಿಗ್ರಿ. ನೋಡಲು ಏನೂ ಅಲ್ಲ, ಆದರೆ 300 ಮಿ.ಮೀ. ತುಂಡಿನ ಆಚೆ ತುದಿಯಲ್ಲಿ ಅದು 5 ಮಿ.ಮೀ. ದಾಟುತ್ತದೆ. ಎರಡೂ ತುಂಡಿನಲ್ಲಿ ಹೀಗಾದರೆ ಜಾಯಿಂಟ್ ಬೆನ್ನು ಎತ್ತುತ್ತದೆ. ಸ್ಟೀಲ್ ಸ್ಕೇಲ್ ಇಟ್ಟರೆ ನಡುವೆ ತಾಗಿ ತೂಗಾಡುತ್ತದೆ, ಮೇಲಿನ ಸಂದು ಬಾಯಿ ಬಿಡುತ್ತದೆ, ಅಡಿಯ ಸಂದು ಕೂಡಿರುತ್ತದೆ. ಕ್ಲ್ಯಾಂಪಿನಲ್ಲಿ ಬಿಗಿದು ಮುಚ್ಚಿಸಬಹುದು, ಆದರೆ ಎಳೆತ ಒಳಗೇ ಉಳಿಯುತ್ತದೆ.

ತಪ್ಪು ಕೈಯದೋ ಫೆನ್ಸಿನದೋ ಎಂದು ತಿಳಿಯಲು ಒಂದೇ ತುಂಡಿನ ಅಂಚಿಗೆ ಮೂರು ತೂತು ಹೊಡೆದು ಡೊಮಿನೊ ತೂರಿಸಿ, ಅಂಚಿಗೆ ಗುಣ್ಯಾ ಹಿಡಿದು ಒಂದೊಂದನ್ನೇ ನೋಡಿ. ಮೂರೂ ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ ವಾಲಿದ್ದರೆ ಫೆನ್ಸಿನ 90 ಡಿಗ್ರಿ ಸರಿಯಿಲ್ಲ. ಕೋನದ ಲಿವರ್ ಸಡಿಲಿಸಿ, ತಿರುಗುವ ಮೂಲೆಯಲ್ಲಿ ಕೂತ ಹೊಟ್ಟನ್ನು ಬ್ರಷ್ಷಿನಿಂದ ತೆಗೆದು, ಮತ್ತೆ ಬಿಗಿದು ಗುಣ್ಯಾ ಹಿಡಿಯಿರಿ. ಒಂದೊಂದೂ ಒಂದೊಂದು ಕಡೆ ವಾಲಿದ್ದರೆ ಅದು ಕೈ.

ಕೈಯ ತಪ್ಪಿಗೆ ಮದ್ದು ಎರಡೂ ಕೈಗೆ ಬೇರೆ ಬೇರೆ ಕೆಲಸ ಕೊಡುವುದು. ಎಡಗೈ ಮುಂದಿನ ಹಿಡಿಕೆಯ ಮೇಲೆ, ಕೆಳಕ್ಕೆ ಒತ್ತುವುದಷ್ಟೇ ಅದರ ಕೆಲಸ. ಬಲಗೈ ಹಿಂದಿನಿಂದ ನೇರ ಮುಂದಕ್ಕೆ ತಳ್ಳುತ್ತದೆ, ಎತ್ತುವುದೂ ಇಲ್ಲ, ಒತ್ತುವುದೂ ಇಲ್ಲ. ಮೊಣಕೈ ಕಟರ್‌ನ ಮಟ್ಟಕ್ಕೇ ಇರಲಿ. ಟೇಬಲ್ ತಗ್ಗಾದರೆ ಮೇಲಿನಿಂದ ತಳ್ಳುವುದಾಗುತ್ತದೆ, ಮಷಿನ್ ಬಗ್ಗುತ್ತದೆ.

ಓರೆಯಲ್ಲಿ ಇನ್ನೊಂದು ಬಗೆಯಿದೆ, ತೂತಿನ ಒಂದು ತುದಿ ಮೇಲೆ, ಇನ್ನೊಂದು ಕೆಳಗೆ. ಇದು ಕಾಲಿನ ತಲೆಯ ಹತ್ತಿರ ಹೊಡೆಯುವಾಗ ಬರುತ್ತದೆ. ಈ ಬೆಂಚಿನಲ್ಲಿ ಮೊದಲ ತೂತಿನ ನಡುಗೆರೆ ತಲೆಯಿಂದ 20 ಮಿ.ಮೀ.ಗೆ ಇದೆ, ಹಾಗಾಗಿ ಫೆನ್ಸಿನ ಅರ್ಧ ಭಾಗಕ್ಕೆ ಆಸರೆಯೇ ಇಲ್ಲ. ಎರಡು ಕಾಲುಗಳ ತಲೆಗೆ ತಲೆ ತಾಗಿಸಿ ಒಂದೇ ಸಾಲಿನಲ್ಲಿ ಕ್ಲ್ಯಾಂಪ್ ಹಾಕಿದರೆ ಒಂದಕ್ಕೊಂದು ಆಸರೆಯಾಗುತ್ತವೆ, ಎರಡರ ತೂತೂ ಒಂದೇ ಸಲಕ್ಕೆ ಮುಗಿಯುತ್ತದೆ.

ಎಡ ಬಲಕ್ಕೆ

ಡೊಮಿನೊ ಬಿಗಿಯಾಗಿ ಕೂರುತ್ತದೆ, ಆದರೆ ಗೆರೆಗೆ ಗೆರೆ ಕೂಡುವುದಿಲ್ಲ ಎಂದಾದರೆ ತಪ್ಪು ಗುರುತಿನದು ಅಥವಾ ನೋಟದ್ದು. ಎದುರುಬದುರು ತುಂಡುಗಳಿಗೆ ಎದುರುಬದುರು ನಿಂತು ಹೊಡೆಯುವುದರಿಂದ ಬಲಕ್ಕೆ 0.3 ಸರಿದದ್ದು ಜೋಡಿಸಿದಾಗ 0.6 ಆಗುತ್ತದೆ. ಪೆನ್ಸಿಲ್ 0.5ರದ್ದಿರಲಿ, ಫೆನ್ಸಿನ ಗುರುತುಗೆರೆಯನ್ನು ನೇರ ಮೇಲಿನಿಂದಲೇ ನೋಡಿ.

ತೂತಿನ ಬಾಯಿ ಸಡಿಲವಾಗಿ ತಳ ಬಿಗಿಯಿದ್ದರೆ ಕಾರಣ ಬೇರೆ. ಕಟರ್ ಕಟ್ಟಿಗೆ ಮುಟ್ಟಿದ ಕೂಡಲೇ ಮಷಿನ್ ಅದುರಿ ಪಕ್ಕಕ್ಕೆ ಜಿಗಿದಿದೆ. ಅವಸರದಿಂದ ತಳ್ಳಿದರೆ ಹೀಗೆಯೇ ಆಗುವುದು. ಮಷಿನ್ ಪೂರ್ತಿ ವೇಗಕ್ಕೆ ಬರಲಿ, ಮೊದಲ 2-3 ಮಿ.ಮೀ. ಬಹಳ ನಿಧಾನಕ್ಕೆ ಹೋಗಲಿ, ಅಲ್ಲಿಂದ ಒಂದೇ ಹದದಲ್ಲಿ ತಳ್ಳಿ. ಕಿನ್ನಾಳದ ಗೊಂಬೆಗೆ ಬಳಸುವಂಥ ಹಗುರ ಕಟ್ಟಿಗೆ ಅವಸರವನ್ನು ಸಹಿಸೀತು, ಹಳೆ ಸಾಗವಾನಿ ಸಹಿಸುವುದಿಲ್ಲ.

ಅಗಲದ ಡಯಲ್ಲಿಗೆ ಮೂರು ಸ್ಥಾನ. 8ರ ಕಟರ್‌ಗೆ ತೂತಿನ ಅಗಲ 21, 27 ಮತ್ತು 31 ಮಿ.ಮೀ. ಪಟ್ಟಿಗಳ ತೂತೆಲ್ಲ ಬಿಗಿಯಾದ 21. ಕಾಲಿನಲ್ಲಿ ತಲೆಯ ಹತ್ತಿರದ್ದು 21, ಕೆಳಗಿನದು 27. ಮೇಲಿನದು ಜಾಗ ಹಿಡಿಯುತ್ತದೆ, ಕೆಳಗಿನದು ಸಣ್ಣಪುಟ್ಟ ವ್ಯತ್ಯಾಸ ನುಂಗುತ್ತದೆ. ಎಲ್ಲವನ್ನೂ 27ಕ್ಕೆ ಹೊಡೆದರೆ ಜೋಡಿಸುವುದೇನೋ ಸಲೀಸು, ಆದರೆ ಪಟ್ಟಿಯ ಮೇಲಂಚನ್ನು ಕಾಲಿನ ತಲೆಗೆ ಸಮ ಮಾಡುವುದು ಅಂಟು ಹಚ್ಚಿದ ಮೇಲೆ ಕೈಯ ಅಂದಾಜಿಗೆ ಬಿಟ್ಟದ್ದಾಗುತ್ತದೆ. ಡಯಲ್ ತಿರುಗಿಸುವುದು ಮಷಿನ್ ಓಡುತ್ತಿರುವಾಗ ಮಾತ್ರ.

ಆಳ

ಕಾಲಿನಲ್ಲಿ 25, ಪಟ್ಟಿಯಲ್ಲಿ 28, ಒಟ್ಟು 53. ಡೊಮಿನೊ 50, ಅಂಟಿಗೆ 3 ಮಿ.ಮೀ. ಜಾಗ. ಕಾಲಿನ ಎರಡು ಮುಖದಿಂದ ಬರುವ ತೂತುಗಳು ಒಳಗೆ ಒಂದಕ್ಕೊಂದು ಸೇರಬಾರದು. ಈ ಅಳತೆಗೆ 30ರವರೆಗೂ ಸೇರುವುದಿಲ್ಲ.

ಅಳೆದಾಗ 28ರ ಬದಲು 26 ಬಂದರೆ ತಳದಲ್ಲಿ ಹೊಟ್ಟು ಗಿಡಿದಿದೆ. ವ್ಯಾಕ್ಯೂಮ್ ಪೈಪ್ ಇಲ್ಲದೆ ಈ ಮಷಿನ್ ಓಡಿಸಲೇಬಾರದು. ಹೊಟ್ಟು ತೆಗೆದ ಮೇಲೂ ಕಡಿಮೆ ಬಂದರೆ ಮಷಿನ್ ಮುಂದಕ್ಕೆ ಜಾರುವ ಎರಡು ಕಂಬಿಗಳನ್ನು ಒರೆಸಿ, ಹೊಲಿಗೆ ಮಷಿನ್ನಿನ ಎಣ್ಣೆ ಒಂದು ಹನಿ ಸವರಿ.

ಹಳೆ ಕಟ್ಟಿಗೆ, ನಮ್ಮ ಹವೆ

ತೊಲೆಯಲ್ಲಿ ತುಂಡಾಗಿ ಉಳಿದ ಮೊಳೆಗಳಿರುತ್ತವೆ. ತೂತಿನ ಜಾಗದಲ್ಲೆಲ್ಲ ಬಲವಾದ ಅಯಸ್ಕಾಂತ ಸರಿಸಿ ನೋಡುವುದು ಕಡ್ಡಾಯ, ಕಾರ್ಬೈಡ್ ಹಲ್ಲು ಮೊಳೆಗೆ ತಾಗಿದರೆ ಮುಕ್ಕಾಗುತ್ತದೆ. ಸಾಗವಾನಿಯಲ್ಲಿ ಸಿಲಿಕಾ ಇರುವುದರಿಂದ ಕಟರ್ ಬೇಗ ಮೊಂಡಾಗುತ್ತದೆ. ತೂತಿನ ಗೋಡೆ ಕಪ್ಪಾದರೆ, ತಳ್ಳಲು ಹೆಚ್ಚು ಬಲ ಬೇಕಾದರೆ ಬದಲಿಸುವ ಹೊತ್ತು ಬಂತು. ಮೊಂಡು ಕಟರ್ ತೂತನ್ನು ಗೆರೆಯಿಂದ ಎಳೆದೊಯ್ಯುತ್ತದೆ. ಪ್ಲಗ್ ಕಿತ್ತು, 8ರ ಸ್ಪ್ಯಾನರ್ ಹಿಡಿದರೆ ಎರಡು ನಿಮಿಷದ ಕೆಲಸ.

ಡೊಮಿನೊ ಮಳೆಗಾಲದಲ್ಲಿ ಉಬ್ಬುತ್ತದೆ. ಬೇಸಿಗೆಯಲ್ಲಿ ಸಲೀಸಾಗಿ ಕೂತದ್ದು ಮುಂಗಾರು ಬಂದ ಮೇಲೆ ಕೊಡತಿ ಬೇಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅಂಟಿಲ್ಲದೆ ಜೋಡಿಸಿ ನೋಡಲು ನಾಲ್ಕು ಡೊಮಿನೊಗಳನ್ನು ಸ್ಯಾಂಡ್‌ಪೇಪರಿನಲ್ಲಿ ತುಸು ತೆಳ್ಳಗೆ ಉಜ್ಜಿ ಕೆಂಪು ಮಾರ್ಕರ್ ಬಳಿದಿಡಿ, ಬಿಚ್ಚುವಾಗ ಕಾಲಿನ ಅಂಚು ಒಡೆಯುವುದಿಲ್ಲ.

ತೂತು ತಪ್ಪಿಯೇ ಹೋಗಿದ್ದರೆ ಅದರಲ್ಲಿ ಡೊಮಿನೊವನ್ನು ಫೆವಿಕಾಲ್ ಹಚ್ಚಿ ಕೂರಿಸಿ, ಒಂದು ದಿನ ಬಿಟ್ಟು, ಸಮಕ್ಕೆ ಕೊಯ್ದು ಮತ್ತೆ ಹೊಡೆಯಬಹುದು. ಗಟ್ಟಿ ಬೀಚ್‌ಗೂ ಪಕ್ಕದ ಕಟ್ಟಿಗೆಗೂ ನಡುವೆ ಕಟರ್ ಮೆತ್ತನೆಯ ಕಡೆ ವಾಲುತ್ತದೆ. ಇಲ್ಲಿ ಮಾಮೂಲಿಗಿಂತ ಅರ್ಧ ವೇಗದಲ್ಲಿ ತಳ್ಳಿ.

ಸದ್ಯ

32 ತೂತೂ ಮುಗಿದಿವೆ, ಕೆಂಪು ಡೊಮಿನೊ ಹಾಕಿ ಒಂದೊಂದೇ ಜಾಯಿಂಟ್ ನೋಡಿಯಾಗಿದೆ. ಮುಂದಿನದು ಅಂಟು. ಮೊದಲು ಗಿಡ್ಡ ಪಟ್ಟಿಯ ಎರಡು ಬದಿ ಪ್ರತ್ಯೇಕವಾಗಿ, ಅವು ಒಣಗಿದ ಮೇಲೆ ಉದ್ದ ಪಟ್ಟಿಗಳು. ಅಂಟನ್ನು ತೂತಿನ ಗೋಡೆಗೆ ಸವರಬೇಕು, ತಳಕ್ಕೆ ಸುರಿಯಬಾರದು, ಸುರಿದರೆ ಡೊಮಿನೊ ಅರ್ಧದಲ್ಲೇ ನಿಲ್ಲುತ್ತದೆ. ಇಲ್ಲಿನ ಬಿಸಿಲಿಗೆ ಫೆವಿಕಾಲ್ ಬೇಗ ಹಿಡಿಯುವುದರಿಂದ ಕ್ಲ್ಯಾಂಪುಗಳನ್ನು ಅಳತೆಗೆ ತೆರೆದಿಟ್ಟುಕೊಂಡು ಬೆಳಿಗ್ಗೆಯೇ ಮುಗಿಸುವುದು. ಬಿಗಿದ ಕೂಡಲೇ ಕರ್ಣ ಎರಡನ್ನೂ ಅಳೆಯಬೇಕು. ವ್ಯತ್ಯಾಸ 1 ಮಿ.ಮೀ. ದಾಟಿದರೆ, ಅಂಟು ಹಸಿಯಿರುವಾಗಲೇ ಉದ್ದನೆಯ ಕರ್ಣದ ಉದ್ದಕ್ಕೆ ಇನ್ನೊಂದು ಕ್ಲ್ಯಾಂಪ್ ಹಾಕಿ ಎಳೆದುಕೊಳ್ಳಬೇಕು.