ಬೀಥೋವನ್ ಮನೆ ಬದಲಾಯಿಸಿದ್ದು

11 ಆಗಸ್ಟ್ 2024, ಭಾನುವಾರ
ಬಸವನಗುಡಿ, ಬೆಂಗಳೂರು

ಅಕ್ಕನ ಮಗ ಮೊನ್ನೆ ಮನೆಯವರ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿದ್ದ: "ಮಾಮ, ನಿನಗಿಷ್ಟವಾದ ಐದು ಜನ ಕಂಪೋಸರ್‌ಗಳು, ಒಬ್ಬೊಬ್ಬರದು ಒಂದೊಂದು ಕೃತಿ. ಬೇಗ ಹೇಳು." ಐದೇ ಐದು! ಬೆಳಗ್ಗೆ ಕಾಫಿ ಹಿಡಿದು ಕೂತು ಶ್ಯಾಮಾಶಾಸ್ತ್ರಿ, ದೀಕ್ಷಿತರು, ಮೈಸೂರು ವಾಸುದೇವಾಚಾರ್ಯ, ಪಶ್ಚಿಮದ ಬಾಖ್, ಬೀಥೋವನ್ ಅಂತ ಬರೆದೆ. ತ್ಯಾಗರಾಜರನ್ನು ಬಿಟ್ಟೆಯಾ ಅಂತ ಅಮ್ಮ ಕನ್ನಡಕದ ಮೇಲಿಂದ ನೋಡಿದಳು. ಅನ್ನ ಸಾರನ್ನು ಯಾರಾದರೂ ಇಷ್ಟದ ತಿಂಡಿಗಳ ಪಟ್ಟಿಗೆ ಸೇರಿಸುತ್ತಾರಾ ಅಂದೆ. ಸಮಾಧಾನವಾದಂತೆ ಕಾಣಲಿಲ್ಲ.

ಶ್ಯಾಮಾಶಾಸ್ತ್ರಿಗಳದು ಯೋಚಿಸುವ ಹಾಗೇ ಇರಲಿಲ್ಲ. ಭೈರವಿ ರಾಗದ ಸ್ವರಜತಿ, 'ಕಾಮಾಕ್ಷಿ ಅನುದಿನಮು'. ಎಂಟು ಚರಣ, ಮೊದಲನೆಯದು ಷಡ್ಜದಲ್ಲಿ, ಅಂದರೆ ಸ ಸ್ವರದಲ್ಲಿ ಶುರು, ಎರಡನೆಯದು ರಿಷಭ, ಹೀಗೇ ಒಂದೊಂದೇ ಮೆಟ್ಟಿಲು ಹತ್ತಿ ಕೊನೆಯದು ತಾರ ಷಡ್ಜಕ್ಕೆ ಹೋಗಿ ನಿಲ್ಲುತ್ತದೆ. ಎಷ್ಟು ವರ್ಷ ಕೇಳಿದ್ದೆ, ಗಮನಿಸಿರಲಿಲ್ಲ. ಒಂದು ಸಂಜೆ ಗಾಯನ ಸಮಾಜದಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾಗ ಐದನೇ ಚರಣ ಪಂಚಮದಲ್ಲಿ ಎದ್ದಿತು ನೋಡಿ, ಅರೆ ಅಂದುಬಿಟ್ಟೆ. ಪಕ್ಕದವರು ತಿರುಗಿ ನೋಡಿದರು.

ವಾಸುದೇವಾಚಾರ್ಯರದು ಅಂದರೆ ಎಲ್ಲರೂ ಖಮಾಚಿನ 'ಬ್ರೋಚೇವಾರೆವರುರಾ' ಅನ್ನುತ್ತಾರೆ. ನಾನು ಹಿಂದೋಳದ 'ಮಾಮವತು ಶ್ರೀಸರಸ್ವತೀ' ಬರೆದೆ, ಸ್ವಲ್ಪ ಹಟಕ್ಕೆ. ಬಾಖ್‌ನನ್ನು ಮಧ್ಯಾಹ್ನಕ್ಕೆ ಮುಂದೂಡಿದೆ.

ಬೀಥೋವನ್‌ನದು ಓಪಸ್ 132, ಎ ಮೈನರ್ ಕ್ವಾರ್ಟೆಟ್, ಅಂದರೆ ನಾಲ್ಕು ತಂತಿವಾದ್ಯಗಳ ಕೃತಿ, ಅದರ ಮೂರನೇ ಭಾಗ. ಪಟ್ಟಿಗೆ ಹಾಕುವ ಮುಂಚೆ ಇನ್ನೊಮ್ಮೆ ಕೇಳೋಣ ಅಂತ ಹಚ್ಚಿದೆ. 1825ರ ಏಪ್ರಿಲ್‌ನಲ್ಲಿ ಅವನಿಗೆ ಹೊಟ್ಟೆಯ ಕಾಯಿಲೆ ಜೋರಾಗಿ ಹಾಸಿಗೆ ಹಿಡಿದಿದ್ದ. ಎದ್ದ ಮೇಲೆ ಬರೆದದ್ದು ಇದು. ಕಾಯಿಲೆಯಿಂದ ಚೇತರಿಸಿಕೊಂಡವನು ದೈವಕ್ಕೆ ಹೇಳುವ ಕೃತಜ್ಞತೆ, ಲಿಡಿಯನ್ ಧಾಟಿಯಲ್ಲಿ ಅಂತ ಅವನೇ ತಲೆಬರಹ ಕೊಟ್ಟಿದ್ದಾನೆ. ಆ ಹೊತ್ತಿಗೆ ಅವನ ಕಿವಿ ಹೆಚ್ಚುಕಮ್ಮಿ ಪೂರಾ ಹೋಗಿತ್ತು.

ಅಮ್ಮ ಡೆಂಗಿಯಿಂದ ಎದ್ದು ಹತ್ತು ದಿನವಾಗಿದೆ. ಪ್ಲೇಟ್‌ಲೆಟ್ ಇಳಿದಾಗ ಸಿಕ್ಕಸಿಕ್ಕವರ ಮಾತು ಕೇಳಿ ಕಿವಿ ಹಣ್ಣು ತಿನ್ನಿಸಿದ್ದೆವು. ಅದು ಪ್ಲೇಟ್‌ಲೆಟ್‌ಗೆ ಏನು ಮಾಡಿತೋ ಗೊತ್ತಿಲ್ಲ, ಕಿವಿಯಂತೂ ಚುರುಕಾಗಿದೆ. ಐದು ನಿಮಿಷ ಸುಮ್ಮನೆ ಕೇಳಿ, "ಏನೋ ಇದು, ಶಂಕರಾಭರಣವೋ ಕಲ್ಯಾಣಿಯೋ? ಆಧಾರ ಷಡ್ಜ ಎಲ್ಲಿಟ್ಟಿದ್ದಾನೆ?" ಅಂದಳು.

ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದಳು. ಲಿಡಿಯನ್ ಅಂದರೆ ನಮ್ಮ ಕಲ್ಯಾಣಿಯ ಸ್ವರಗಳೇ, ಪ್ರತಿಮಧ್ಯಮ ಸಮೇತ, ಪಶ್ಚಿಮದವರ ಎಫ್ ಸ್ವರವನ್ನು ಷಡ್ಜ ಅಂತ ಹಿಡಿದರೆ. ಸಿ ಕಡೆ ಕಿವಿ ವಾಲಿತೋ, ಶಂಕರಾಭರಣ. ಹಿಂದೆ ತಂಬೂರಿ ಇಲ್ಲವಲ್ಲ, ಯಾವುದನ್ನೂ ಯಾರೂ ಬಲವಂತ ಮಾಡುವುದಿಲ್ಲ. "ಶ್ರುತಿಪೆಟ್ಟಿಗೆ ತಗೋ, ನಾಲ್ಕು ಮನೆಗೆ ಇಡು" ಅಂದಳು; ನಾಲ್ಕು ಮನೆ ಅಂದರೆ ಎಫ್ ಶ್ರುತಿ. ಇಟ್ಟೆ. ಮೊದಲಿಂದ ಹಚ್ಚಿದೆ.

ಕಲ್ಯಾಣಿ ಬಂತು. ನಿಧಾನದ ಚೌಕ ಕಾಲದಲ್ಲಿ, ನಾಲ್ಕು ವಾದ್ಯ, ಒಂದರ ಹಿಂದೆ ಒಂದು. ಅಮ್ಮ ಕಣ್ಣು ಮುಚ್ಚಿದಳು. "ಚೆನ್ನಾಗಿದೆ. ಆದರೆ ನಿಷಾದ ಅಲ್ಲಾಡಿಸುವುದೇ ಇಲ್ಲವಲ್ಲೋ, ಇಸ್ತ್ರಿ ಮಾಡಿದ ಕಲ್ಯಾಣಿ."

ಅಷ್ಟರಲ್ಲಿ ಎರಡನೇ ಖಂಡ. ಹೊಸ ಶಕ್ತಿ ಬಂದಂತೆ ಅಂತ ಅವನು ಗುರುತು ಹಾಕಿರುವ ಜಾಗ; ಎಫ್ ಬಿಟ್ಟು ಡಿ ಮೇಜರ್‌ಗೆ ಹಾರುತ್ತಾನೆ. ಶ್ರುತಿಪೆಟ್ಟಿಗೆ ಅಲ್ಲೇ ನಾಲ್ಕರಲ್ಲಿ ಕೂತು ಗುಂಯ್ ಅನ್ನುತ್ತಿತ್ತು. ಕಿವಿಗೆ ಮರಳು ಸುರಿದಂತಾಯಿತು. "ಆರಿಸೋ ಅದನ್ನ, ಮಹಾರಾಯ ಮನೆ ಬದಲಾಯಿಸಿಬಿಟ್ಟ!" ಅಂತ ಅಮ್ಮ ಕೂಗಿದಳು. ವಿಯೆನ್ನಾದಲ್ಲಿ ಅವನು ಬಾಡಿಗೆ ಮನೆಗಳನ್ನು ಡಜನ್‌ಗಟ್ಟಲೆ ಬದಲಾಯಿಸಿದವನೇ ಅಂದೆ. ಇಬ್ಬರೂ ನಕ್ಕು ನಕ್ಕು ಅವಳಿಗೆ ಕೆಮ್ಮು ಹತ್ತಿತು, ಬಿಸಿನೀರು ತಂದುಕೊಟ್ಟೆ.

ಕಲ್ಯಾಣಿ ಮೂರನೇ ಸಲ ಬಂದಾಗ ಇಬ್ಬರೂ ಮಾತಾಡಲಿಲ್ಲ. ಮುಗಿದ ಮೇಲೆ ಕೇಳಿದಳು, "ಪಾಪ, ಹೊಟ್ಟೆನೋವು ವಾಸಿಯಾಯಿತಾ?"

"ಆಗ ಆಯಿತು. ಇನ್ನೆರಡು ವರ್ಷ ಇದ್ದ. 1827ರಲ್ಲಿ ಹೋದ, ಶ್ಯಾಮಾಶಾಸ್ತ್ರಿಗಳು ಹೋದ ವರ್ಷವೇ."

"ದೀಕ್ಷಿತರ ಶಿಷ್ಯನಿಗೂ ಹೊಟ್ಟೆನೋವೇ ಅಲ್ಲವಾ, ಆ ತಂಬಿಯಪ್ಪನಿಗೆ." ನನಗೆ ಹೊಳೆದೇ ಇರಲಿಲ್ಲ. ಜಾತಕದಲ್ಲಿ ಗುರು ಗ್ರಹ ಸರಿಯಿಲ್ಲ ಅಂತ ಕಂಡು ಅವನಿಗೋಸ್ಕರ ದೀಕ್ಷಿತರು ಅಠಾಣ ರಾಗದಲ್ಲಿ 'ಬೃಹಸ್ಪತೇ' ರಚಿಸಿದರು, ಹಾಡಿಕೊಂಡು ಗುಣವಾಯಿತು ಅಂತ ಹೇಳಿಕೆ. ಆಮೇಲೆ ಉಳಿದ ಗ್ರಹಗಳಿಗೂ ಒಂದೊಂದು. ವಾರದ ಏಳು ಗ್ರಹಗಳ ಕೃತಿಗಳು ಸೂಳಾದಿ ಅನ್ನುವ ಏಳು ಮೂಲ ತಾಳಗಳಲ್ಲಿವೆ. ನನ್ನ ಪಟ್ಟಿಯಲ್ಲಿ ದೀಕ್ಷಿತರ ಎದುರು ಕಮಲಾಂಬಾ ನವಾವರಣ ಅನ್ನುವ ಕೃತಿಗುಚ್ಛದ ಕಲ್ಯಾಣಿ ಕೃತಿ ಇತ್ತು. ಹೊಡೆದುಹಾಕಿದೆ.

"ಹಾಕು ಅದನ್ನ" ಅಂದಳು.

"ಇವತ್ತು ಭಾನುವಾರ ಅಮ್ಮ."

"ಇರಲಿ ಬಿಡೋ. ಶ್ರುತಿಪೆಟ್ಟಿಗೆ ಮಾತ್ರ ಮುಟ್ಟಬೇಡ."