ಸ್ಟೇಕ್ ಮತ್ತು ಆಲೂಗಡ್ಡೆ ನ್ಯೋಕಿ: ಒಂದೇ ಬಾಣಲೆಯ ರಾತ್ರಿಯೂಟ

ಗುರುವಾರ, 13 ನವೆಂಬರ್ 2025

ಇವತ್ತಿನ ಊಟ ಇಬ್ಬರಿಗೆ. ಸುಮಾರು 400 ಗ್ರಾಂ ತೂಗುವ, 2.5 ಸೆಂಟಿಮೀಟರ್ ದಪ್ಪದ ಸರ್ಲಾಯಿನ್ ಸ್ಟೇಕ್ (ದನದ ಸೊಂಟದ ಭಾಗದ ಮಾಂಸದ ದಪ್ಪ ತುಂಡು) ಒಂದು, ಪೊಟ್ಟಣದಲ್ಲಿ ಬರುವ ಆಲೂಗಡ್ಡೆ ನ್ಯೋಕಿ (ಆಲೂಗಡ್ಡೆ, ಮೈದಾ ಕಲಸಿ ಮಾಡುವ ಇಟಲಿಯ ಪುಟ್ಟ ಕಡುಬು) 350 ಗ್ರಾಂ, ಬೆಣ್ಣೆ 40 ಗ್ರಾಂ, ಎಣ್ಣೆ ಎರಡು ದೊಡ್ಡ ಚಮಚ, ಬೆಳ್ಳುಳ್ಳಿ ಮೂರು ಎಸಳು, ಉಪ್ಪಿಲ್ಲದ ಸ್ಟಾಕ್ (ಮೂಳೆ ಇಲ್ಲವೇ ತರಕಾರಿ ಕುದಿಸಿ ಸೋಸಿದ ನೀರು) 100 ಮಿಲಿಲೀಟರ್, ಎರಡು ಹಿಡಿ ಪಾಲಕ್, ಅರ್ಧ ನಿಂಬೆಹಣ್ಣು, ತುರಿದ ಪಾರ್ಮೆಸಾನ್ ಚೀಸ್ 25 ಗ್ರಾಂ. ಬಾಣಲೆ ಒಂದೇ, ಆದರೆ ದಪ್ಪ ತಳದ್ದು, 28–30 ಸೆಂಟಿಮೀಟರ್ ಅಗಲದ್ದು ಬೇಕು. ಎರಕದ ಕಬ್ಬಿಣದ್ದಾದರೆ ಬೇರೇನೂ ಹುಡುಕುವುದು ಬೇಡ. ಒಲೆ ಹಚ್ಚಿದ ಮೇಲೆ 25 ನಿಮಿಷಕ್ಕೆ ತಟ್ಟೆ ತುಂಬುತ್ತದೆ.

ಈ ಅಡುಗೆ ಕೆಡುವುದು ಹೆಚ್ಚಾಗಿ ನೀರಿನಿಂದ. ಮಾಂಸದ ಮೈಮೇಲಿನ ತೇವ, ಆಲೂಗಡ್ಡೆಯೊಳಗಿನ ತೇವ, ಕಿಕ್ಕಿರಿದ ಬಾಣಲೆಯಲ್ಲಿ ಹೊರಹೋಗಲಾರದ ಹಬೆ. ಮೇಲ್ಮೈಯಲ್ಲಿ ನೀರಿರುವಷ್ಟು ಹೊತ್ತು ಅಲ್ಲಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಮಾಂಸ ಕೆಂಪಗಾಗಿ ಘಮ ಬರಿಸುವ ಮೈಯಾರ್ ಕ್ರಿಯೆ ಚುರುಕಾಗುವುದು 140 ಡಿಗ್ರಿ ದಾಟಿದ ಮೇಲೆ. ನಡುವಿನ ಅಂತರ ತುಂಬುವ ತನಕ ಸ್ಟೇಕ್ ಹುರಿಯುತ್ತಿರುವುದಿಲ್ಲ, ಬೇಯುತ್ತಿರುತ್ತದೆ. ನೀರು ಬೇಕಾಗುವುದು ಕೊನೆಗೆ ಒಮ್ಮೆ, ಅದೂ ಅಳೆದು.

ಹಾಗಾಗಿ ಮೊದಲ ಕೆಲಸ ಒರೆಸುವುದು. ಪೊಟ್ಟಣದಿಂದ ತೆಗೆದ ಸ್ಟೇಕನ್ನು ಅಡುಗೆ ಕಾಗದದಿಂದ ಎರಡೂ ಬದಿ, ಅಂಚು ಸಮೇತ ಒತ್ತಿ ಒರೆಸಬೇಕು. ಕಾಗದಕ್ಕೆ ಒದ್ದೆ ಅಂಟದಾಗ ಸಾಕು. ಉಪ್ಪು ಮುಕ್ಕಾಲು ಟೀ ಚಮಚ, ಅಂದರೆ ಮಾಂಸದ ತೂಕದ ಶೇಕಡಾ ಒಂದರಷ್ಟು. ಉಪ್ಪು ಹಾಕುವ ಹೊತ್ತು ಮುಖ್ಯ: ಬಾಣಲೆಗೆ ಇಳಿಸುವ 40 ನಿಮಿಷಕ್ಕೂ ಮೊದಲು, ಇಲ್ಲವೇ ಇಳಿಸುವ ಕ್ಷಣದಲ್ಲಿ. ಹತ್ತು ಹದಿನೈದು ನಿಮಿಷ ಮೊದಲು ಹಾಕುವುದು ಎರಡಕ್ಕಿಂತಲೂ ಕೆಟ್ಟದ್ದು. ಉಪ್ಪು ಎಳೆದ ನೀರು ಆಗ ಮೇಲೆಯೇ ನಿಂತಿರುತ್ತದೆ, ಒಳಗೆ ಮರಳಿ ಇಂಗಲು ಅದಕ್ಕೆ ಸಮಯ ಸಿಕ್ಕಿರುವುದಿಲ್ಲ. ಕೆಲಸ ಮುಗಿಸಿ ಬಂದ ಸಂಜೆ ಯಾರಿಗೂ 40 ನಿಮಿಷ ಪುರಸೊತ್ತಿರುವುದಿಲ್ಲ. ಕೊನೆ ಕ್ಷಣದ ಉಪ್ಪೇ ಸರಿ. ಕಾಳುಮೆಣಸು ಈಗ ಬೇಡ, ಈ ಕಾವಿಗೆ ಅದು ಕರಕಲಾಗಿ ಕಹಿಯಾಗುತ್ತದೆ.

ಬಾಣಲೆ ಖಾಲಿಯಾಗಿ, ಮಧ್ಯಮಕ್ಕಿಂತ ತುಸು ಜೋರು ಉರಿಯಲ್ಲಿ ನಾಲ್ಕು ನಿಮಿಷ ಕಾಯಲಿ. (ನಾನ್‌ಸ್ಟಿಕ್ ಪಾತ್ರೆಯನ್ನು ಹೀಗೆ ಖಾಲಿ ಕಾಯಿಸಬಾರದು, ಲೇಪ ಹಾಳಾಗುತ್ತದೆ. ಈ ಅಡುಗೆಗೆ ಅದು ಹೇಳಿ ಮಾಡಿಸಿದ ಪಾತ್ರೆಯೂ ಅಲ್ಲ.) ಒಂದು ಚಮಚ ಎಣ್ಣೆ ಹಾಕಿ, ಅದು ಅಲೆಅಲೆಯಾಗಿ ಹರಿದು ತೆಳು ಹೊಗೆ ಕಾಣಿಸಿದ ಕೂಡಲೇ ಸ್ಟೇಕ್ ಇಳಿಸಿ. ಸೂರ್ಯಕಾಂತಿ ಎಣ್ಣೆಯಂಥ ಸಂಸ್ಕರಿಸಿದ ಎಣ್ಣೆ ಇರಲಿ. ಬೆಣ್ಣೆಯಲ್ಲಿ ಶುರುಮಾಡಿದರೆ ಅದರೊಳಗಿನ ಹಾಲಿನ ಅಂಶ ಮಾಂಸಕ್ಕಿಂತ ಮೊದಲೇ ಸೀದುಹೋಗುತ್ತದೆ.

ಇಳಿಸಿದ ಸದ್ದು ಜೋರಾಗಿ ಚುರ್ ಎನ್ನಬೇಕು. ಸದ್ದು ಮಂಕಾಗಿ ಅಂಚಿನಲ್ಲಿ ಬೂದು ರಸ ಒಸರತೊಡಗಿದರೆ ಬಾಣಲೆ ಕಾದಿಲ್ಲ ಎಂದೇ ಅರ್ಥ. ಮಾಂಸವನ್ನು ತೆಗೆದು, ಬಾಣಲೆ ಒರೆಸಿ, ಮತ್ತೆ ಕಾಯಿಸುವುದು ವಾಸಿ. ಈ ದಪ್ಪಕ್ಕೆ ಒಂದೊಂದು ಬದಿ ಮೂರು ನಿಮಿಷ, ಆಮೇಲೆ ಕೊಬ್ಬಿನ ಅಂಚನ್ನು ಇಕ್ಕಳದಲ್ಲಿ ನಿಲ್ಲಿಸಿ ಹಿಡಿದು ಒಂದು ನಿಮಿಷ. ಒಮ್ಮೆ ಮಾತ್ರ ಮಗುಚಬೇಕೆಂಬ ನಿಯಮಕ್ಕೆ ಆಧಾರವಿಲ್ಲ. ನಿಮಿಷಕ್ಕೊಮ್ಮೆ ಮಗುಚಿದರೂ ಬಣ್ಣ ಬರುತ್ತದೆ, ಒಳಗೂ ಸಮನಾಗಿ ಬೇಯುತ್ತದೆ. ಜೋರು ಉರಿ ರಸವನ್ನು ಒಳಗೆ ಬಂಧಿಸಿಡುತ್ತದೆ ಎನ್ನುವುದೂ ಅಂಥದ್ದೇ ನಂಬಿಕೆ: ಕೆಂಪಾದ ಪದರದಿಂದಲೂ ರಸ ಇಳಿಯುತ್ತದೆ. ಆ ಪದರ ಇರುವುದು ರುಚಿಗೆ.

ಹದ ತಿಳಿಯಲು ಬೆರಳಿನಿಂದ ಒತ್ತಿ ನೋಡುವುದಕ್ಕಿಂತ ಥರ್ಮಾಮೀಟರ್ ನಂಬಬಹುದು. ಅಂಚಿನಿಂದ ಅಡ್ಡಲಾಗಿ ನಡುವಿಗೆ ಚುಚ್ಚಬೇಕು. ಮೇಲಿಂದ ಚುಚ್ಚಿದರೆ ತುದಿ ಬಾಣಲೆಯ ಬಿಸಿಯನ್ನು ತೋರಿಸಿಬಿಡುತ್ತದೆ. 52 ಡಿಗ್ರಿಗೆ ತೆಗೆದರೆ ಕೂತಲ್ಲೇ ಮೂರು ನಾಲ್ಕು ಡಿಗ್ರಿ ಏರಿ ನಡುವೆ ಗುಲಾಬಿ ಉಳಿಯುತ್ತದೆ. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿನ ಮಾಂಸಕ್ಕೆ ಹೇಳುವ ಸುರಕ್ಷಿತ ಅಳತೆ 63 ಡಿಗ್ರಿ, ಜೊತೆಗೆ ಮೂರು ನಿಮಿಷದ ವಿರಾಮ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಉಣ್ಣುವುದಿದ್ದರೆ ಅದನ್ನೇ ಪಾಲಿಸಬೇಕು.

ತೆಗೆದ ಸ್ಟೇಕ್ ತಂತಿಯ ಜಾಲರಿ ಮೇಲೆ, ಕೆಳಗೊಂದು ತಟ್ಟೆ. ಬರೀ ತಟ್ಟೆಯ ಮೇಲಿಟ್ಟರೆ ಅಡಿಭಾಗ ತನ್ನದೇ ಹಬೆಗೆ ಮೆತ್ತಗಾಗುತ್ತದೆ. ಮುಚ್ಚುವುದೂ ಬೇಡ. ಕಾವು ಇಳಿಯಬೇಕಾದ ಎಂಟು ನಿಮಿಷ, ನ್ಯೋಕಿ ಹುರಿಯಲು ಬೇಕಾದ ಎಂಟು ನಿಮಿಷ, ಎರಡೂ ಒಂದಕ್ಕೊಂದು ಕೂಡಿಬರುವುದೇ ಈ ಊಟದ ಅನುಕೂಲ. ಮೊದಲು ನ್ಯೋಕಿ, ಆಮೇಲೆ ಸ್ಟೇಕ್ ಎಂದು ಹೊರಟರೆ ಒಂದು ತಣ್ಣಗಾಗುತ್ತದೆ, ಇನ್ನೊಂದು ವಿರಾಮವಿಲ್ಲದೆ ಕತ್ತಿಗೆ ಸಿಕ್ಕಿ ಹಲಗೆ ತುಂಬ ರಸ ಸುರಿಸುತ್ತದೆ.

ಗಾಳಿ ತೆಗೆದು ಮುಚ್ಚಿದ ಪೊಟ್ಟಣದ ನ್ಯೋಕಿಯನ್ನು ಕುದಿಸಬೇಕಿಲ್ಲ. ಅದರಲ್ಲಿನ ಆಲೂಗಡ್ಡೆ ಆಗಲೇ ಬೆಂದಿರುತ್ತದೆ. ನೇರ ಬಾಣಲೆಗೆ ಹಾಕಿದರೆ ಹೊರಗೆ ಗರಿ, ಒಳಗೆ ಮೆತ್ತಗೆ. ಅಂಟಿಕೊಂಡಿದ್ದನ್ನು ಕೈಯಲ್ಲಿ ಮೊದಲೇ ಬಿಡಿಸಿಟ್ಟುಕೊಳ್ಳಿ, ಬಾಣಲೆಯಲ್ಲಿ ಬಿಡಿಸಲು ಹೋದರೆ ಮುರಿಯುತ್ತದೆ. ಉರಿ ಮಧ್ಯಮಕ್ಕೆ ಇಳಿಸಿ. ಬಾಣಲೆಯ ತಳದಲ್ಲಿ ಅಂಟಿರುವುದು ಕಂದು ಬಣ್ಣದ್ದಾದರೆ ಬಿಡಿ, ಅದೇ ಕೊನೆಗೆ ಮಾಡುವ ರಸದ (ಸಾಸ್) ಬಂಡವಾಳ. ಕಪ್ಪಾಗಿದ್ದರೆ ಒರೆಸಿ ಹಾಕಿ. ಉಳಿದ ಎಣ್ಣೆ, 10 ಗ್ರಾಂ ಬೆಣ್ಣೆ, ನ್ಯೋಕಿ ಒಂದೇ ಪದರವಾಗಿ. ಮೂರು ನಿಮಿಷ ಕೈ ಹಚ್ಚಬಾರದು. ಕೆದಕುತ್ತಲೇ ಇದ್ದರೆ ಪಿಷ್ಟ ತಳ ಹಿಡಿಯುತ್ತದೆ. ಗರಿ ಕಟ್ಟಿದ ಮೇಲೆ ತಾನಾಗಿಯೇ ಬಿಡುತ್ತದೆ. ಮಗುಚಿ ಇನ್ನೊಂದು ಮೂರು ನಿಮಿಷ. ಹೊರಗೆ ಬಣ್ಣ ಬಂದು ಒಳಗೆ ಹಿಟ್ಟುಹಿಟ್ಟಾಗಿ ಉಳಿದರೆ ಎರಡು ಚಮಚ ನೀರು ಚಿಮುಕಿಸಿ ಒಂದು ನಿಮಿಷ ಮುಚ್ಚಿ, ಆಮೇಲೆ ತೆರೆದು ನೀರು ಹಾರಿಸಿ.

ನ್ಯೋಕಿಯನ್ನು ತಟ್ಟೆಗೆ ತೆಗೆದಿಟ್ಟು ಅದೇ ಬಾಣಲೆಗೆ ಉಳಿದ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ. ಅರ್ಧ ನಿಮಿಷ, ಕೆಂಪಾಗುವ ಮೊದಲೇ ಸ್ಟಾಕ್ ಸುರಿದು ತಳವನ್ನು ಮರದ ಸೌಟಿನಿಂದ ಕೆರೆಯಿರಿ. ಅರ್ಧಕ್ಕೆ ಇಂಗಲಿ. ಉಪ್ಪಿರುವ ಸ್ಟಾಕ್ ಹೀಗೆ ಇಂಗಿದರೆ ಬಾಯಿಗಿಡಲಾಗದು, ಉಪ್ಪಿಲ್ಲದ್ದು ಸಿಗದಿದ್ದರೆ ಬರೀ ನೀರೇ ಮೇಲು. ಪಾಲಕ್ ಈಗ ಹಾಕಿ. ನ್ಯೋಕಿ ಬಾಣಲೆಯಲ್ಲಿ ಇರುವಾಗ ಹಾಕಿದ್ದರೆ ಅದು ಬಿಡುವ ನೀರಿಗೆ ಗರಿಯೆಲ್ಲ ಹೋಗುತ್ತಿತ್ತು. ಒಲೆ ಆರಿಸಿ, ಸ್ಟೇಕ್ ಕೆಳಗಿನ ತಟ್ಟೆಯಲ್ಲಿ ಇಳಿದ ರಸ, ನಿಂಬೆ, ಕಾಳುಮೆಣಸು, ಕೊನೆಗೆ ಚೀಸ್. ಕುದಿಯುವಾಗ ಚೀಸ್ ಹಾಕಿದರೆ ಅದರ ಪ್ರೋಟೀನು ಒಟ್ಟುಗೂಡಿ ದಾರದಂತೆ ಎಳೆಯುತ್ತದೆ. ರಸವನ್ನು ತಟ್ಟೆಗೆ ಹರಡಿ, ನ್ಯೋಕಿಯನ್ನು ಮೇಲಿಡುವುದು ನಮ್ಮ ಆಯ್ಕೆ. ಬೆರೆಸಿ ಬಡಿಸಿದರೆ ಎರಡೇ ನಿಮಿಷಕ್ಕೆ ಹುರಿದ ಶ್ರಮ ವ್ಯರ್ಥ.

ಸ್ಟೇಕನ್ನು ಎಳೆಗಳಿಗೆ ಅಡ್ಡಲಾಗಿ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಕೊಯ್ಯಬೇಕು. ಸರ್ಲಾಯಿನ್‌ನಲ್ಲಿ ತಪ್ಪಿದರೂ ನಡೆಯುತ್ತದೆ. ಫ್ಲ್ಯಾಂಕ್, ಸ್ಕರ್ಟ್ ಎನ್ನುವ ಹೊಟ್ಟೆ ಭಾಗದ ತುಂಡುಗಳಲ್ಲಿ ಎಳೆಯ ಉದ್ದಕ್ಕೇ ಕೊಯ್ದರೆ ಅಗಿದು ಮುಗಿಯುವುದಿಲ್ಲ.

ನ್ಯೋಕಿ ಮನೆಯಲ್ಲೇ ಮಾಡುವುದಾದರೆ ಅದು ರಜೆಯ ದಿನದ ಕೆಲಸ, ಫ್ರೀಜರಿಗೆ. ಹಿಟ್ಟುಹಿಟ್ಟಾಗಿ ಒಡೆಯುವ ಹಳೆಯ ಆಲೂಗಡ್ಡೆ 500 ಗ್ರಾಂ, ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿ, ಬಿಸಿಯಿರುವಾಗಲೇ ಸುಲಿದು ರೈಸರ್‌ನಲ್ಲಿ (ತೂತುಗಳಿರುವ ಒತ್ತುಮಣೆ) ಒತ್ತಿ, ಹರಡಿ ಹಬೆ ಹೋಗಲು ಬಿಡಬೇಕು. ಮಿಕ್ಸಿಗೆ ಹಾಕಿದರೆ ಪಿಷ್ಟದ ಕೋಶಗಳು ಒಡೆದು ಅಂಟಾಗುತ್ತದೆ. ಒಂದು ಮೊಟ್ಟೆಯ ಹಳದಿ, ಅರ್ಧ ಟೀ ಚಮಚ ಉಪ್ಪು, ಮೈದಾ 125 ಗ್ರಾಂ. ಕೂಡಿಕೊಳ್ಳುವಷ್ಟು ಕಲಸಿ ನಿಲ್ಲಿಸಿ, ನಾದಬಾರದು. ತೇವವಿದ್ದರೆ ಹೆಚ್ಚು ಮೈದಾ ಬೇಡುತ್ತದೆ, ಮೈದಾ ಹೆಚ್ಚಿದರೆ ರಬ್ಬರಾಗುತ್ತದೆ. ಒಂದು ಸಣ್ಣ ತುಂಡನ್ನು ಮೊದಲು ಕುದಿಸಿ ನೋಡಿ, ಕರಗಿದರೆ ಮಾತ್ರ ಇನ್ನೊಂದು ಚಮಚ ಮೈದಾ ಸೇರಿಸಿ. ಸಣ್ಣ ತುಂಡುಗಳಾಗಿ ಮಾಡಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರಿನಲ್ಲಿ ಗಟ್ಟಿಮಾಡಿ ಚೀಲಕ್ಕೆ ತುಂಬಬಹುದು. ಬೇಯಿಸುವಾಗ ಕರಗಿಸದೆ ನೇರ ಕುದಿನೀರಿಗೆ, ತೇಲಿದ ಮೇಲೆ ಅರ್ಧ ನಿಮಿಷ. ಬಸಿದು, ಎಣ್ಣೆ ಸವರಿ, ಐದು ನಿಮಿಷ ಆರಿಸಿ ಬಾಣಲೆಗೆ.

ಉಳಿದಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಬೇಕು. ಮರುದಿನ ನ್ಯೋಕಿಯನ್ನು ಬಾಣಲೆಯಲ್ಲೇ ಬಿಸಿಮಾಡಿ. ಮೈಕ್ರೋವೇವ್‌ನಲ್ಲಿ ಅದು ಬರೀ ಅಂಟು ಮುದ್ದೆ. ಸ್ಟೇಕನ್ನು ತೆಳ್ಳಗೆ ಕೊಯ್ದು ತಣ್ಣಗೇ ತಿನ್ನುವುದು ಒಳ್ಳೆಯದು, ಮತ್ತೆ ಬಿಸಿಮಾಡಿದರೆ ಗುಲಾಬಿ ಉಳಿಯುವುದಿಲ್ಲ.