ಒಂದು ಡಬ್ಬಿ ಸ್ಟ್ರಿಪ್

ಮುಂಬೈ ಹತ್ತಿರದ ಡೊಂಬಿವಲಿಯ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುವವನು ನಾನು. ದಿನವಿಡೀ ಲೆಕ್ಕವೇ. ಆದರೂ ಮನೆಯ ಒಂದು ಲೆಕ್ಕ ಮಾತ್ರ ಇವತ್ತಿಗೂ ಕೂಡಿಬಂದಿಲ್ಲ.

ಮಗಳಿಗೆ 7 ವರ್ಷವಿದ್ದಾಗ ಟೈಪ್ 1 ಡಯಾಬಿಟೀಸ್ ಅಂತ ಗೊತ್ತಾಯಿತು. ವಾಂತಿ, ಉಸಿರಾಟದ ಏದುಸಿರು. ನಾವು ಹೊಟ್ಟೆ ಕೆಟ್ಟಿದೆ ಅಂದುಕೊಂಡು ಓಮದ ನೀರು ಕುಡಿಸುತ್ತಿದ್ದೆವು. ಆಮೇಲೆ 4 ದಿನ ಐಸಿಯು. ಆ ಬಿಲ್ಲನ್ನು ವಿಮೆಯವರು ಕೊಟ್ಟರು. ಮತ್ತೆ ಐಸಿಯು ಸೇರದಂತೆ ಮನೆಯಲ್ಲಿ ನೋಡಿಕೊಳ್ಳುವ ಖರ್ಚನ್ನು ಕೇಳಿದರೆ, 'ಅಡ್ಮಿಟ್ ಆಗಿರಬೇಕು ಸರ್' ಅಂದರು. ಮಹಾರಾಷ್ಟ್ರ ಸರ್ಕಾರದ ಫುಲೆ ಜನ ಆರೋಗ್ಯ ಯೋಜನೆಯೂ ಮುಖ್ಯವಾಗಿ ಆಸ್ಪತ್ರೆ ಸೇರಿದವರಿಗೇ.

ಈ ಮಕ್ಕಳ ಮೈ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಮಾತ್ರೆ ನಡೆಯುವುದಿಲ್ಲ, ಇಂಜೆಕ್ಷನ್ನೇ ಗತಿ. ಸಿಹಿ ಜಾಸ್ತಿ ತಿನ್ನಿಸಿದಿರಿ ಅಂತ ನೆಂಟರು ಈಗಲೂ ಅನ್ನುತ್ತಾರೆ, ಹೋಗಲಿ. ಹಳೇ ಥರದ ಇನ್ಸುಲಿನ್ ಬಾಟಲಿಗೆ ಸರ್ಕಾರವೇ ಬೆಲೆ ಕಟ್ಟಿದೆ, ಅದು ಹೇಗೋ ನಡೆಯುತ್ತದೆ. ಹಿಂಡುವುದು ಸ್ಟ್ರಿಪ್, ಅಂದರೆ ರಕ್ತದ ಹನಿ ಹಾಕಿ ಮೀಟರಿನಲ್ಲಿ ಸಕ್ಕರೆ ನೋಡುವ ಪಟ್ಟಿ. ದಿನಕ್ಕೆ 5 ಸಲ ಬೆರಳು ಚುಚ್ಚಬೇಕು. ಒಂದಕ್ಕೆ 20 ರೂಪಾಯಿ ಹಿಡಿದರೂ ತಿಂಗಳಿಗೆ 3,000. ಅದಕ್ಕೇ ತಿಂಗಳಿಗೊಮ್ಮೆ ರಜೆ ಹಾಕಿ, ಮಗಳ ಜೊತೆ ಮುಂಬೈಯ ಮುನ್ಸಿಪಾಲಿಟಿ ಆಸ್ಪತ್ರೆಗೆ ಹೋಗುತ್ತೇನೆ. ಇನ್ಸುಲಿನ್ ಪುಕ್ಕಟೆ, ಸ್ಟಾಕ್ ಇದ್ದರೆ ಸ್ಟ್ರಿಪ್ಪೂ.

ಕಳೆದ ತಿಂಗಳು ಲೋಕಲ್ ತಡವಾಯಿತು. ಕ್ಯೂ ಮೆಟ್ಟಿಲವರೆಗೆ ಬಂದಿತ್ತು. ನಾನು ಕೇಸ್ ಪೇಪರ್ ಹುಡುಕುತ್ತಿದ್ದೆ.

"ಅಣ್ಣಾರ, ಕೂಸಿನ ಮಾರಿ ನೋಡ್ರಿ, ಬೆವತೈತಿ."

ಹಿಂದೆ ನಿಂತ ಹೆಂಗಸು. ಮುಂಬೈಯ ಕ್ಯೂನಲ್ಲಿ ವಿಜಯಪುರದ ಕನ್ನಡ! ತಿರುಗಿ ನೋಡಿದರೆ ಮಗಳ ತುಟಿ ಬಿಳಚಿಕೊಂಡಿತ್ತು, ಕೈ ನಡುಗುತ್ತಿತ್ತು. ಚುಚ್ಚಿ ನೋಡಿದೆ. ಸಕ್ಕರೆ 58ಕ್ಕೆ ಇಳಿದಿತ್ತು. ಬೆಳಗಿನ ಇಂಜೆಕ್ಷನ್ ಆಗಿತ್ತು, ತಿಂಡಿ ಅರ್ಧಕ್ಕೇ ಬಿಟ್ಟಿದ್ದಳು. ಗ್ಲೂಕೋಸ್ ಡಬ್ಬಿಯೋ ಮನೆಯಲ್ಲೇ ಉಳಿದಿತ್ತು. ಆಕೆ ಸೆರಗಿನ ಗಂಟು ಬಿಚ್ಚಿ ಸಕ್ಕರೆ ಪೊಟ್ಟಣ ತೆಗೆದರು. ನೀರಿನ ಬಾಟಲಿಯ ಮುಚ್ಚಳದಲ್ಲೇ 3 ಮುಚ್ಚಳ ಅಳೆದು, ನೀರಲ್ಲಿ ಕದಡಿ ಕುಡಿಸಿದರು. 15 ನಿಮಿಷ ಮೆಟ್ಟಿಲ ಮೇಲೆ ಕೂತೆವು. ಮತ್ತೆ ಚುಚ್ಚಿದಾಗ 94.

ಆಕೆಯ ಮಗನಿಗೆ 11 ವರ್ಷ, ಇದೇ ಕಾಯಿಲೆ. ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಕಳವಾ ಕಡೆ ತಗಡಿನ ಮನೆ. ಇನ್ಸುಲಿನ್ ಎಲ್ಲಿಡ್ತೀರಿ ಅಂತ ಕೇಳಿದೆ.

"ಫ್ರಿಜ್ ಎಲ್ಲಿಂದ ಬರಬೇಕ್ರಿ? ದೊಡ್ಡ ಗಡಿಗ್ಯಾಗ ಉಸುಕು ತುಂಬಿ, ಅದರಾಗ ಸಣ್ಣ ಗಡಿಗಿ ಇಟ್ಟೀನಿ. ಮುಂಜಾನಿ ಸಂಜಿ ಉಸುಕಿಗೆ ನೀರ ಹಾಕೋದು. ತಣ್ಣಗ ಇರ್ತದ. ಇಲ್ಲಿ ಡಾಕ್ಟರ್ ಬಾಯಾರ ಹೇಳಿಕೊಟ್ರು."

ಆಮೇಲೆ ನನ್ನ ಕೈಯಲ್ಲಿದ್ದ ಸ್ಟ್ರಿಪ್ ಡಬ್ಬಿ ನೋಡುತ್ತಾ, "ನೀವು ದಿನಕ್ಕ ಎಷ್ಟ ಸಲ ನೋಡ್ತೀರಿ?" ಅಂದರು.

"ಐದು."

"ನಾವು ವಾರಕ್ಕ ಎರಡು."

ಅಂದರೆ ಉಳಿದ ದಿನ ಅಂದಾಜಿನ ಮೇಲೆ ಡೋಸ್. ಹುಡುಗನ ಮುಖ ಬಾಡಿದರೆ ಸಕ್ಕರೆ, ಪದೇ ಪದೇ ಉಚ್ಚೆಗೆ ಎದ್ದರೆ ಎರಡು ಯೂನಿಟ್ ಜಾಸ್ತಿ. ಸೆರಗಿನಲ್ಲಿ ಪೊಟ್ಟಣ ಯಾಕಿತ್ತು ಅಂತ ಆಗ ಹೊಳೆಯಿತು.

ನಮ್ಮ ಸರದಿ ಬಂತು. ಇನ್ಸುಲಿನ್ ಕೊಟ್ಟರು. ಸ್ಟ್ರಿಪ್ ಕೇಳಿದರೆ, "ಸ್ಟಾಕ್ ನಾಹೀ." ಆಕೆಗೂ ಅದೇ ಉತ್ತರ.

ಹೊರಗೆ ಬಂದು ಚೀಲದಲ್ಲಿದ್ದ ಇನ್ನೊಂದು ಡಬ್ಬಿಯನ್ನು ಆಕೆಯ ಕೈಗಿಟ್ಟೆ. ಬೇಡ ಬೇಡ ಅನ್ನುತ್ತಲೇ ತಮ್ಮ ಮೀಟರ್ ತೆಗೆದು ಒಂದು ಪಟ್ಟಿ ತೂರಿಸಿ ನೋಡಿದರು. ಒಳಗೆ ಹೋಗಲೇ ಇಲ್ಲ. ಬೇರೆ ಕಂಪನಿ. ಒಬ್ಬರ ಪಟ್ಟಿ ಇನ್ನೊಬ್ಬರ ಮೀಟರಿಗೆ ಬರುವುದಿಲ್ಲ ಅನ್ನುವುದು ನನಗೂ ಗೊತ್ತಿದ್ದದ್ದೇ, ಆ ಗಡಿಬಿಡಿಯಲ್ಲಿ ಮರೆತಿದ್ದೆ.

"ಇರ್ಲಿ ಬಿಡ್ರಿ," ಅಂತ ಡಬ್ಬಿಯನ್ನು ಮಗಳ ಕೈಗೆ ಕೊಟ್ಟು, ಉಳಿದ ಸಕ್ಕರೆಯನ್ನೂ ಅವಳ ಚೀಲಕ್ಕೆ ಹಾಕಿದರು.